67 ಇರಲಿ, 73 ಇರಲಿ, ಜಗಳ ನಡೆಯಲಿ ಬಿಡಿ

ಸೇಡಂ ಕಡೆಯ ಹೈಸ್ಕೂಲ್ ಮಾಸ್ತರರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: “ವಿಶ್ವ ಹಿಗ್ಗುವ ವೇಗ 67 ಅಂತ ಕೆಲವರು, 73 ಅಂತ ಕೆಲವರು ಹೇಳುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಹಾಕಿದ್ದೀರಿ. ವಿಶ್ವದ ನೂರಕ್ಕೆ 95 ಪಾಲು ಏನೆಂದೇ ತಿಳಿಯದು ಅಂತಲೂ ಹಾಕಿದ್ದೀರಿ. ‘ಯಾವುದು ಖರೆ ಸರ್?’ ಅಂತ ಹುಡುಗರು ನನ್ನನ್ನು ಕೇಳುತ್ತಾರೆ. ವಿಜ್ಞಾನಿಗಳು ಮೊದಲು ತಮ್ಮೊಳಗೆ ಬಗೆಹರಿಸಿಕೊಳ್ಳಲಿ. ಆಮೇಲೆ ನೀವು ಅಚ್ಚು ಹಾಕಿ.”

ಮಾಸ್ತರರೇ, ನಮಸ್ಕಾರ. ನಿಮ್ಮ ಸಿಟ್ಟಿನಲ್ಲಿ ಅರ್ಥ ಇದೆ. ವಿಜ್ಞಾನದಲ್ಲಿ ಎಲ್ಲವೂ ಗೊಂದಲ ಅಂತ ಹುಡುಗರ ತಲೆಯಲ್ಲಿ ಕೂತರೆ ಕೆಟ್ಟದ್ದೇ. ವಿಶ್ವ ಹಿಗ್ಗುತ್ತಿದೆ, ಸುಮಾರು 1380 ಕೋಟಿ ವರ್ಷಗಳ ಹಿಂದೆ ಅದು ವಿಪರೀತ ಕಾದು ಒತ್ತೊತ್ತಾಗಿತ್ತು ಅನ್ನುವಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ ಇದ್ದಾರೆ. ಇಷ್ಟು ನಿಮ್ಮ ಪಾಲಿಗೆ. ಉಳಿದದ್ದು ನನಗೆ ಬಿಡಿ.

ಆ ಎರಡು ಅಂಕಿಗಳನ್ನೇ ನೋಡಿ. ಪ್ಲಾಂಕ್ ಉಪಗ್ರಹದವರು ವಿಶ್ವದ ಎಳವೆಯ ಬೆಳಕನ್ನು ಅಳೆದು, ಅಲ್ಲಿಂದ ಲೆಕ್ಕ ಹಾಕಿ 67.4 ಅಂದರು. ಖಗೋಳವಿಜ್ಞಾನಿ ಆಡಂ ರೀಸ್ ತಂಡ ಹತ್ತಿರದ ಗೆಲಾಕ್ಸಿಗಳ ಸೆಫೀಡ್ ನಕ್ಷತ್ರಗಳಿಂದ (ಹೊಳಪು ಲಯಬದ್ಧವಾಗಿ ಏರಿಳಿಯುವ, ದೂರ ಅಳೆಯಲು ಅನುಕೂಲವಾದ ನಕ್ಷತ್ರಗಳು) ಶುರು ಮಾಡಿ, ಸೂಪರ್‌ನೋವಾಗಳವರೆಗೆ, ಅಂದರೆ ಸಿಡಿಯುವ ನಕ್ಷತ್ರಗಳವರೆಗೆ, ದೂರ ಅಳೆಯುತ್ತಾ ಹೋಗಿ 73 ಅಂದಿತು. ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ಆಚೆ ಹೋದಂತೆಲ್ಲ ಗೆಲಾಕ್ಸಿಗಳು ದೂರ ಓಡುವ ವೇಗ ಸೆಕೆಂಡಿಗೆ ಅಷ್ಟಷ್ಟು ಕಿಲೋಮೀಟರ್ ಏರುತ್ತದೆ. ನಮ್ಮ ಗಂಜಿನಲ್ಲಿ ಒಂದೇ ತೊಗರಿ ಚೀಲ ಎರಡು ಕಾಟಾದಲ್ಲಿ ಎರಡು ತೂಕ ತೋರಿಸಿದರೆ ರೈತ ಏನಂತಾನೆ? ಮೊದಲು ಕಾಟಾ ನೋಡಿ ಅಂತಾನೆ. ಇಲ್ಲೂ ಅದೇ ಆಯ್ತು. ಪಕ್ಕದ ನಕ್ಷತ್ರಗಳ ಬೆಳಕು ಸೆಫೀಡ್‌ಗಳ ಬೆಳಕಿನಲ್ಲಿ ಬೆರೆತು ಲೆಕ್ಕ ತಪ್ಪಿರಬಹುದು ಅನ್ನುವ ಅನುಮಾನ ಇತ್ತು. ಜೇಮ್ಸ್ ವೆಬ್ ದೂರದರ್ಶಕ ಅವೇ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ನೋಡಿತು. ರೀಸ್ ಲೆಕ್ಕ ಅಲುಗಲಿಲ್ಲ. ಆದರೆ ವೆಂಡಿ ಫ್ರೀಡ್‌ಮನ್ ತಂಡ ಅದೇ ದೂರದರ್ಶಕ ಹಿಡಿದು, ಬೇರೆ ಬಗೆಯ ನಕ್ಷತ್ರಗಳನ್ನೂ ಸೇರಿಸಿ ಅಳೆದು, ಸುಮಾರು 70 ಅಂದಿತು. ಈಗ ಹೇಳಿ, ಇದನ್ನು ಮುಚ್ಚಿಡಬೇಕಾ?

ಹಿಂದಿನ ಕಥೆ ಇನ್ನೂ ಸ್ವಾರಸ್ಯ. 1929ರಲ್ಲಿ ಎಡ್ವಿನ್ ಹಬಲ್ ಕೊಟ್ಟ ಅಂಕಿ ಸುಮಾರು 500. ಅದನ್ನು ನಂಬಿದರೆ ವಿಶ್ವದ ವಯಸ್ಸು 200 ಕೋಟಿ ವರ್ಷದ ಆಸುಪಾಸು. ಭೂಮಿಯ ಕಲ್ಲುಗಳೋ ಅದಕ್ಕಿಂತ ಹಳೆಯವು! ಪಠ್ಯದಲ್ಲಿ 500 ಅಂತ ಹಾಕಿ, ಇನ್ನು ಪ್ರಶ್ನೆ ಬೇಡ ಅಂದಿದ್ದರೆ ಏನು ಗತಿ? ಸೆಫೀಡ್‌ಗಳಲ್ಲೇ ಎರಡು ಬಗೆ ಇವೆ ಅಂತ ವಾಲ್ಟರ್ ಬಾಡೆ ಕಂಡುಕೊಂಡರು. 1952ರಲ್ಲಿ ಅವರು ಅದನ್ನು ಸಾರಿದಾಗ ಗೆಲಾಕ್ಸಿಗಳ ದೂರ ಒಮ್ಮೆಲೇ ದುಪ್ಪಟ್ಟಾಯ್ತು, ಹಬಲ್ ಅಂಕಿ ಅರ್ಧಕ್ಕಿಳಿಯಿತು. ಆಮೇಲೆ ಅಲನ್ ಸ್ಯಾಂಡೇಜ್ 50 ಅಂತ, ಡಿ ವೊಕುಲರ್ 100 ಅಂತ ವರ್ಷಗಟ್ಟಲೆ ಕಾದಾಡಿದರು. ಆ ಜಗಳದ ಮುಂದೆ ಈಗಿನದು ಏನೂ ಅಲ್ಲ.

ದೂರದ ಮಾತು ಯಾಕೆ, ಮಳಖೇಡ ನಿಮ್ಮ ತಾಲ್ಲೂಕಿನದೇ ಅಲ್ವಾ? ಅಲ್ಲಿಂದ ಆಳಿದ ಅಮೋಘವರ್ಷನ ಕಾಲದವರು ಗಣಿತಜ್ಞ ಮಹಾವೀರಾಚಾರ್ಯರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂತ ಅವರು ಬರೆದರು. 12ನೇ ಶತಮಾನದ ಭಾಸ್ಕರಾಚಾರ್ಯರು ಬಂದು, ಅಲ್ಲ, ಅದು ಅನಂತ ಅಂದರು. ಇವತ್ತಿನ ಗಣಿತ ಇಬ್ಬರನ್ನೂ ಪೂರ್ತಿ ಒಪ್ಪುವುದಿಲ್ಲ. ಅದರಿಂದ ಮಹಾವೀರಾಚಾರ್ಯರು ಸಣ್ಣವರಾದರಾ? ಹುಡುಗರಿಗೆ ಇದನ್ನೂ ಹೇಳಿ.

ನನಗೆ ಈ ವಿಷಯದಲ್ಲಿ ಪ್ರೀತಿ ಜಾಸ್ತಿ ಇರುವುದು ಖಗೋಳವಿಜ್ಞಾನಿ ಜಯಂತ ನಾರ್ಳಿಕರ್ ಮೇಲೆ. ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹೋಯ್ಲ್ ಕೈಯಲ್ಲಿ ಕಲಿತವರು. ಕಾದು ಒತ್ತೊತ್ತಾಗಿದ್ದ ಸ್ಥಿತಿಯಿಂದ ವಿಶ್ವ ಹಿಗ್ಗಿತು ಅನ್ನುವ ಮಹಾಸ್ಫೋಟವನ್ನೇ ಒಪ್ಪಲಿಲ್ಲ. ವಿಶ್ವದ ಎಳವೆಯ ಆ ಬೆಳಕು, ಅಂದರೆ ಹಿನ್ನೆಲೆ ವಿಕಿರಣ, ಸಿಕ್ಕ ಸುದ್ದಿ 1965ರಲ್ಲಿ ಹೊರಬಿದ್ದ ಮೇಲೆ ಮಹಾಸ್ಫೋಟ ಒಪ್ಪದಿದ್ದವರು ಒಬ್ಬೊಬ್ಬರೇ ಆಚೆ ಸರಿದರು. ಇವರು 1990ರ ದಶಕದಲ್ಲೂ ಹೋಯ್ಲ್ ಜೊತೆ ಸೇರಿ ಹೊಸ ರೂಪದಲ್ಲಿ ವಾದ ಮಂಡಿಸಿದರು. ಗೆಲ್ಲಲಿಲ್ಲ, ನಿಜ. ಆದರೆ ಹಸ್ತಾಕ್ಷರ ಕೇಳಿದ ಮಕ್ಕಳಿಗೆ, ಒಂದು ಪೋಸ್ಟ್‌ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸು, ಉತ್ತರದ ಕೆಳಗೆ ಸಹಿ ಹಾಕುತ್ತೇನೆ ಅನ್ನುತ್ತಿದ್ದರಂತೆ. ಮರಾಠಿಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಬರೆದರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ಆಳಂದ ದಾಟಿದರೆ ಮರಾಠಿ ಸೀಮೆ. ಅಲ್ಲಿನ ಮಕ್ಕಳಿಗೆ ಇಂಥವರೊಬ್ಬರು ಸಿಕ್ಕರು. ನಮ್ಮ ಮಕ್ಕಳಿಗೆ ಏನು ಸಿಕ್ಕಿದೆ? ಮೊನ್ನೆ ಒಂದು ವಾಚನಾಲಯಕ್ಕೆ ಹೋಗಿದ್ದೆ. ಪರೀಕ್ಷಾ ಗೈಡುಗಳು ಓದಿ ಓದಿ ಬೆನ್ನು ಕಿತ್ತು, ಟೇಪ್ ಹಚ್ಚಿಸಿಕೊಂಡು ನಿಂತಿದ್ದವು. ‘ವಿಜ್ಞಾನ’ ಅಂತ ಚೀಟಿ ಅಂಟಿಸಿದ ಕಪಾಟಿಗೆ ಬೀಗ. ಕೀಲಿ ಕೇಳಿದರೆ, ಅದನ್ನು ಯಾರೂ ಕೇಳುವುದಿಲ್ಲ ಸರ್ ಅಂದರು! SSLC ಫಲಿತಾಂಶದಲ್ಲಿ 2024ಕ್ಕೆ ಯಾದಗಿರಿ ಕೊನೆ, 2025ಕ್ಕೆ ಕಲಬುರಗಿ ಕೊನೆ. ಕೂಡಲೇ ಸಭೆ, ನೋಟಿಸು, ಇನ್ನಷ್ಟು ಮಾದರಿ ಪ್ರಶ್ನೆಪತ್ರಿಕೆ. ಮೊದಲು ಪಾಸಾಗಲಿ, ಪ್ರಶ್ನೆ ಆಮೇಲೆ ಕೇಳಲಿ ಅನ್ನುತ್ತಾರೆ. ಕೇಳುವ ಚಟವೇ ಹತ್ತದ ಹುಡುಗ ಪುಸ್ತಕ ಯಾಕೆ ಬಿಚ್ಚುತ್ತಾನೆ ಹೇಳಿ? ನಿಮ್ಮ ಹುಡುಗರು ಯಾವುದು ಖರೆ ಅಂತ ಕೇಳಿದ್ದಾರೆ. ಅದಕ್ಕೆ ನೀವು ಸಿಟ್ಟಾಗಿದ್ದೀರಿ. ನಾನಾಗಿದ್ದರೆ ಪೇಢೆ ಹಂಚುತ್ತಿದ್ದೆ.

ಆ 95 ಪಾಲಿನ ವಿಷಯ ಬಾಕಿ ಇದೆ. ಅದರಲ್ಲಿ 27 ಪಾಲು ಕಪ್ಪು ದ್ರವ್ಯ (ಕಣ್ಣಿಗೆ ಕಾಣದು, ಸೆಳೆತದಿಂದ ಮಾತ್ರ ಗೊತ್ತಾಗುತ್ತದೆ), 68 ಪಾಲು ಕಪ್ಪು ಶಕ್ತಿ (ವಿಶ್ವ ಹಿಗ್ಗುವ ವೇಗ ಹೆಚ್ಚಿಸುವಂಥದ್ದು). ಮೊದಲನೆಯದಕ್ಕೆ ನೆಲದಾಳದಲ್ಲಿ ಬಲೆ ಹಾಕಿ ಕೂತಿದ್ದಾರೆ, ಇನ್ನೂ ಏನೂ ಬಿದ್ದಿಲ್ಲ. ಎರಡನೆಯದು ಕಾಲ ಕಳೆದಂತೆ ಸೊರಗುತ್ತಿರಬಹುದು ಅಂತ 2024 ಮತ್ತು 2025ರಲ್ಲಿ ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ (DESI) ಸಮೀಕ್ಷೆ ಸುಳಿವು ಕೊಟ್ಟಿದೆ. ಖಚಿತ ಅಲ್ಲ. ಮುಂದಿನ ತಿಂಗಳು ಅದರ ಮೇಲೇ ಲೇಖನ ಬರುತ್ತದೆ, ಅದರಲ್ಲೂ ಒಂದೇ ಉತ್ತರ ಇರುವುದಿಲ್ಲ. ಬಯ್ಯುವ ಪತ್ರವನ್ನು ಈಗಲೇ ಬರೆದಿಟ್ಟುಕೊಳ್ಳಿ. ಜೊತೆಗೆ ಹುಡುಗರ ಪ್ರಶ್ನೆಗಳನ್ನೂ ಕಳಿಸಿ, ಅವರ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.

— ಸಂ.