ಫೋನು ಬರೀ ಕುಡುಗೋಲಾ? – ಓದುಗರ ಎರಡು ಪ್ರಶ್ನೆ

ಪ್ರಶ್ನೆ: ನಮಸ್ತೆ ಮೇಡಂ. ನಾನು ಮುಳಬಾಗಿಲು ತಾಲ್ಲೂಕಿನವನು, ರಾಜ್ಯಶಾಸ್ತ್ರದಲ್ಲಿ ಎಂಎ ಓದ್ತಾ ಇದೀನಿ. ಕ್ರಿಟಿಕಲ್ ಥಿಯರಿ ಪಾಠ ಇದೆ, ಅಡೋರ್ನೊ, ಹೇಬರ್ಮಾಸ್ ಅನ್ನೋ ಜರ್ಮನ್ ಚಿಂತಕರನ್ನೆಲ್ಲ ಬಾಯಿಪಾಠ ಮಾಡಿದೀನಿ ಆದ್ರೆ ತಲೆಗೆ ಹತ್ತಿಲ್ಲ. ಎಲೆಕ್ಷನ್ ಟೈಮಲ್ಲಿ ಊರಿನ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಜಗಳ ಆಯ್ತು, ಇದೆಲ್ಲ ಫೋನಿಂದಾನೇ ಅಂದೆ. ಟೊಮೇಟೊ ಬೆಳೆಯೋ ನಮ್ಮಣ್ಣ "ಫೋನು ಕುಡುಗೋಲಿದ್ದಂಗೆ ಕಣೋ, ರಾಗಿ ಕೊಯ್ಯೋನು ರಾಗಿ ಕೊಯ್ತಾನೆ, ಕೈ ಕುಯ್ಕೊಳೋನು ಕುಯ್ಕೊತಾನೆ, ಕುಡುಗೋಲಿನ ತಪ್ಪೇನು" ಅಂದ್ರು. ನಂಗೆ ಉತ್ತರ ಹೊಳೀಲಿಲ್ಲ.

ಉತ್ತರ: ನಿಮ್ಮಣ್ಣನ ಮಾತನ್ನ ನಾನು ಹಗುರವಾಗಿ ತಗೊಳ್ಳಲ್ಲ, ಓದಿದವರಲ್ಲೂ ಮುಕ್ಕಾಲು ಜನ ಹೇಳೋದು ಇದನ್ನೇ. ಆದ್ರೆ ಮೊದಲು ಆ ಕುಡುಗೋಲನ್ನೇ ಕೈಗೆ ತಗೊಂಡು ನೋಡೋಣ. ನಮ್ಮ ಚಿಕ್ಕಮ್ಮನಿಗೆ ಎಡಗೈ ರೂಢಿ. ರಾಗಿ ಕೊಯ್ಲಿನಲ್ಲಿ ಎಲ್ಲರ ಸಾಲೂ ಮುಂದೆ ಹೋಗ್ತಿತ್ತು, ಇವ್ರದ್ದು ಹಿಂದೆ, ಹುಲ್ಲು ಕೊಯ್ಯೋ ಬದಲು ಕಿತ್ಕೊಂಡು ಬರ್ತಿತ್ತು, ಎಲ್ಲರೂ ಅವ್ರನ್ನೇ ಸೋಮಾರಿ ಅಂತಿದ್ರು. ಆಮೇಲೆ ನೋಡಿದ್ರೆ ಕುಡುಗೋಲಿನ ಹಲ್ಲು ಹಾಕಿರೋದೇ ಬಲಗೈಯವರಿಗೆ ಅಂತ. ಕುಲುಮೆ ಆಚಾರಿ ಹತ್ರ ಹೋಗಿ ಇನ್ನೊಂದು ಮಗ್ಗುಲಿಗೆ ಹಲ್ಲು ಹಾಕಿಸ್ಕೊಂಡು ಬಂದ ಮೇಲೆ ಅವ್ರೂ ಎಲ್ಲರ ಸಮಕ್ಕೆ ಕೊಯ್ದ್ರು. ಅಂದ್ರೆ ಕುಡುಗೋಲೂ ಸುಮ್ಮನೆ ಬರೀ ಕುಡುಗೋಲಲ್ಲ, ಮಾಡೋನು ಯಾರ ಕೈಯನ್ನ ಮನಸ್ಸಲ್ಲಿ ಇಟ್ಕೊಂಡಿದ್ದ ಅನ್ನೋದು ಅದರೊಳಗೇ ಸೇರಿರುತ್ತೆ.

ನಿಮ್ಮ ಸಿಲಬಸ್ಸಿನ ಕ್ರಿಟಿಕಲ್ ಥಿಯರಿ ಶುರುವಾಗೋದೇ ಇಲ್ಲಿಂದ. 1923ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಲ್ಲಿ ಒಂದು ಸಮಾಜ ಸಂಶೋಧನಾ ಸಂಸ್ಥೆ ಶುರುವಾಯ್ತು, ಅದರ ಮುಖ್ಯಸ್ಥನಾಗಿದ್ದ ಹೋರ್ಕ್‌ಹೈಮರ್ 1937ರಲ್ಲಿ ಬರೆದ ಲೇಖನದ ತಿರುಳು ಏನಪ್ಪ ಅಂದ್ರೆ, ಇರೋದನ್ನ ಇದ್ದಂಗೇ ಅಳೆದು ವಿವರಿಸೋದು ಒಂದು ಥರದ ವಿದ್ಯೆ, ಅದು ಹಿಂಗ್ಯಾಕಿದೆ, ಇದರಿಂದ ಯಾರಿಗೆ ಅನುಕೂಲ, ಬೇರೆ ಥರ ಇರೋಕೆ ಆಗ್ತಿತ್ತಾ ಅಂತ ಕೇಳೋದು ಇನ್ನೊಂದು ಥರದ್ದು. ಅವರಿಗೆ ಈ ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ. 1933ರಲ್ಲಿ ನಾಜಿಗಳು ಬಂದ ವರ್ಷವೇ ಜನರ ರೇಡಿಯೊ ಅಂತ 76 ಮಾರ್ಕಿಗೆ ಅಗ್ಗದ ಸೆಟ್ ಬಿಟ್ರು. ಅದರಲ್ಲಿ ಹತ್ತಿರದ ಸ್ಟೇಷನ್ ಚೆನ್ನಾಗಿ ಕೇಳೋದು, ದೂರದ ಪರದೇಶದ ಸ್ಟೇಷನ್ ಹಿಡಿಯೋಷ್ಟು ಶಕ್ತಿ ಇರ್ಲಿಲ್ಲ. ಬಡವರ ಮನೆಗೂ ರೇಡಿಯೊ ಬಂತು ಅಂತ ಖುಷಿಪಡೋ ವಿಷಯಾನೇ, ಆದ್ರೆ ಬಂದ ದನಿ ಹೆಚ್ಚಾಗಿ ಒಂದೇ. ಅದೇ ಗುಂಪಿನ ಅಡೋರ್ನೊ, ಹೋರ್ಕ್‌ಹೈಮರ್ ಇಬ್ಬರೂ ದೇಶ ಬಿಟ್ಟು ಓಡಿಹೋಗಬೇಕಾಯ್ತು.

ಜರ್ಮನಿ ದೂರ ಅನ್ಸಿದ್ರೆ ನಮ್ಮ ಜಿಲ್ಲೆಗೇ ಬನ್ನಿ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂತು, ಸುಮಾರು 147 ಕಿಲೋಮೀಟರ್ ತಂತಿ, ಬೆಂಗಳೂರಿಗೆ ಬೀದಿ ದೀಪ ಬಂದಿದ್ದು ಆಮೇಲೆ 1905ರಲ್ಲಿ. ದಾರಿಯ ಹಳ್ಳಿಗಳ ತಲೆ ಮೇಲೇ ತಂತಿ ಹಾದು ಬಂತು, ಕೆಳಗೆ ಗುಡಿಸಲಲ್ಲಿ ಎಣ್ಣೆ ಬುಡ್ಡೀನೇ. ಕರೆಂಟಿಗೆ ಜಾತಿ ಇಲ್ಲ ಪಕ್ಷ ಇಲ್ಲ, ಒಪ್ಕೊಳ್ಳೋಣ, ಆದ್ರೆ ತಂತಿ ಎಲ್ಲಿಂದ ಎಲ್ಲಿಗೆ ಎಳೀಬೇಕು ಅಂತ ತೀರ್ಮಾನ ಮಾಡಿದ್ದು ಬ್ರಿಟಿಷ್ ಗಣಿ ಕಂಪನಿಯ ಚಿನ್ನದ ಲೆಕ್ಕ, ಆ ಹಳ್ಳಿಯವರನ್ನ ಯಾರೂ ಕೇಳ್ಲಿಲ್ಲ.

ಈಗ ಫೋನಿಗೆ ಬರೋಣ. ಫೇಸ್‌ಬುಕ್‌ನಲ್ಲಿ ಲೈಕ್ ಪಕ್ಕದಲ್ಲಿ ಕೋಪದ ಮುಖ, ನಗೋ ಮುಖ ಎಲ್ಲ ಇರುತ್ತಲ್ಲ, 2017ರಿಂದ ಕೆಲವು ವರ್ಷ ಅಂಥ ಒಂದೊಂದು ಮುಖಕ್ಕೂ ಒಂದು ಲೈಕಿಗಿಂತ ಜಾಸ್ತಿ, ಶುರುವಲ್ಲಿ 5 ಪಟ್ಟು, ತೂಕ ಕೊಟ್ಟು ಯಾವ ಪೋಸ್ಟು ಮೇಲೆ ಬರ್ಬೇಕು ಅಂತ ಲೆಕ್ಕ ಹಾಕ್ತಿದ್ರು. ಕಂಪನಿಯ ಒಳಗಿನ ಕಾಗದ ಪತ್ರ 2021ರಲ್ಲಿ ಹೊರಗೆ ಬಂದಾಗ ಇದು ಗೊತ್ತಾಗಿದ್ದು. ಕೋಪದ ಮುಖ ಜಾಸ್ತಿ ಬೀಳೋ ಪೋಸ್ಟುಗಳಲ್ಲಿ ಸುಳ್ಳು, ವಿಷ ಜಾಸ್ತಿ ಇರುತ್ತೆ ಅಂತ ಅವರದೇ ಕಂಪನಿಯ ಡೇಟಾ ತಜ್ಞರು ಕಂಡ್ಕೊಂಡಿದ್ರು, ಕೊನೆಗೆ 2020ರಲ್ಲಿ ಕೋಪದ ತೂಕವನ್ನ ಸೊನ್ನೆ ಮಾಡಿದ್ರು. ಸ್ವಲ್ಪ ಯೋಚನೆ ಮಾಡಿ, ಆ ಮೂರು ವರ್ಷದಲ್ಲಿ ಎಷ್ಟು ಊರಲ್ಲಿ ಎಷ್ಟು ಅಣ್ಣತಮ್ಮಂದಿರು ಕಿತ್ತಾಡಿರ್ತಾರೆ, ನಮ್ಮ ಜನರೇ ಸರಿ ಇಲ್ಲ ಅಂತ ನಾವೆಲ್ಲ ಬೈಕೊಂಡಿರ್ತೀವಿ, ಅಲ್ಲೆಲ್ಲೋ ಯಾರೋ ಒಂದು ಅಂಕಿ ತಿರುಗಿಸಿದ್ದು ನಮಗೆ ಕಾಣ್ಸೋದೇ ಇಲ್ಲ. ನಿಮ್ಮಣ್ಣನಿಗೆ ಹೇಳಿ, ಕುಡುಗೋಲು ರಾತ್ರಿ ಹೊತ್ತು ಕುಲುಮೆಗೆ ಹೋಗಿ ಇವತ್ತು ಇವನು ಏನು ಕೊಯ್ದ, ಎಲ್ಲಿ ಕೈ ತಡೀತು, ಯಾವುದಕ್ಕೆ ರೇಗಿದ ಅಂತ ವರದಿ ಒಪ್ಪಿಸಿ, ಬೆಳಗ್ಗೆ ಬೇರೆ ಹಲ್ಲು ಹಾಕಿಸ್ಕೊಂಡು ಬರಲ್ಲ. ಫೋನೊಳಗಿನ ಫೇಸ್‌ಬುಕ್‌ನಂಥ ಆ್ಯಪು ಆ ಕೆಲಸ ಮಾಡುತ್ತೆ, ಯಾಕಂದ್ರೆ ಅಲ್ಲಿ ಮಾರಾಟ ಆಗೋದು ನಮ್ಮ ಗಮನ.

ಹೇಬರ್ಮಾಸ್ 1962ರ ಪುಸ್ತಕದಲ್ಲಿ ಹೇಳಿದ ಸಾರ್ವಜನಿಕ ವಲಯವನ್ನ, ಅಂದ್ರೆ ಯುರೋಪಿನ ಕಾಫಿ ಹೌಸಿನಂಥ ಕಡೆ ಜನ ಸೇರಿ ಎಲ್ಲರಿಗೂ ಸಂಬಂಧಪಟ್ಟ ವಿಷಯ ಚರ್ಚೆ ಮಾಡೋ ಜಾಗವನ್ನ, ನಮ್ಮ ಊರಿನ ಅರಳೀಕಟ್ಟೆ ಅಂತ ಹೇಳ್ಕೊಡೋರಿದಾರೆ. ನಾನು ಅದನ್ನ ಪೂರ್ತಿ ಒಪ್ಪಲ್ಲ. ಆ ಕಟ್ಟೆ ಮೇಲೆ ದಲಿತರು ಕೂರೋ ಹಾಗಿರ್ಲಿಲ್ಲ, ಹೆಂಗಸರು ಮಾತಾಡೋ ಹಾಗಿರ್ಲಿಲ್ಲ. ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್ 1990ರಲ್ಲಿ ಹೇಬರ್ಮಾಸ್‌ಗೆ ಇದೇ ಥರದ ತಕರಾರು ಎತ್ತಿದ್ದು, ಆ ಯುರೋಪಿನ ಕಾಫಿ ಹೌಸಲ್ಲಿ ಎಲ್ಲರೂ ಇದ್ರಾ ಅಂತ. ಇವತ್ತು ಕಾಲೋನಿ ಹುಡುಗಿ ಒಬ್ಳು ನಲ್ಲೀಲಿ ನೀರು ಬರ್ತಿಲ್ಲ ಅಂತ ವಿಡಿಯೊ ಹಾಕಿದ್ರೆ ಮಧ್ಯಾಹ್ನಕ್ಕೆ ವಾಟರ್‌ಮನ್ ಓಡ್ಬರೋದನ್ನ ನಾನೇ ಕಣ್ಣಾರೆ ನೋಡಿದೀನಿ, ಹಾಗಾಗಿ ಫೋನು ಬಿಸಾಕಿ ಅಂತ ನಾನು ಯಾರಿಗೂ ಹೇಳಲ್ಲ. ನಿಮ್ಮ ಮುಳಬಾಗಿಲಿನವರೇ ಆದ ಡಿವಿಜಿ 1945ರಲ್ಲಿ ಬೆಂಗಳೂರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ಯಾಕೆ, ಜನ ವಿಷಯ ತಿಳ್ಕೊಂಡು ಕೂತು ಚರ್ಚೆ ಮಾಡೋಕೆ ಒಂದು ಜಾಗ ಬೇಕು ಅಂತ. ಜಾಗ ತಾನಾಗೇ ಹುಟ್ಟಲ್ಲ, ಕಟ್ಬೇಕು.

ಕಟ್ಟಿದ್ದನ್ನ ತಿದ್ದಿಸೋಕೂ ಆಗುತ್ತೆ. 2018ರಲ್ಲಿ ಮಕ್ಕಳ ಕಳ್ಳರು ಅನ್ನೋ ಸುಳ್ಳು ಮೆಸೇಜಿಂದ ನಮ್ಮ ರಾಜ್ಯವೂ ಸೇರಿ ದೇಶದ ಎಷ್ಟೋ ಕಡೆ ಅಮಾಯಕರನ್ನ ಹೊಡೆದು ಕೊಂದ್ರು, ಅದಾದ ಮೇಲೆ ಜನ, ಸರ್ಕಾರ ಒತ್ತಡ ತಂದು ಆ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟಿಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕ್ತು, 2020ರಲ್ಲಿ ಹಲವು ಸಲ ಫಾರ್ವರ್ಡ್ ಆದ ಮೆಸೇಜನ್ನ ಒಂದೇ ಚಾಟಿಗೆ ಇಳಿಸ್ತು. ನಿಮ್ಮ ಗ್ರೂಪಲ್ಲಿ ಜಗಳ ಹಚ್ಚಿದ ಆ ಮೆಸೇಜಿನ ನೆತ್ತಿ ಮೇಲೆ ಎರಡು ಬಾಣದ ಗುರುತು (ಹಲವು ಸಲ ಫಾರ್ವರ್ಡ್ ಆಗಿದೆ ಅಂತ ಅರ್ಥ) ಇತ್ತಾ ಅಂತ ಒಂದ್ಸಲ ಹಿಂದಕ್ಕೆ ಹೋಗಿ ನೋಡಿ. ಇದ್ರೆ ಅದು ಬಹುಶಃ ನಿಮ್ಮೂರಲ್ಲಿ ಹುಟ್ಟಿದ ಜಗಳ ಅಲ್ಲ, ಹೊರಗಿಂದ ಬಂದು ಬಿದ್ದಿದ್ದು. ಅದನ್ನ ಅಣ್ಣನಿಗೂ ತೋರ್ಸಿ.

ಪ್ರಶ್ನೆ: ನಾನು ಬಾಗೇಪಲ್ಲಿ ಕಡೆಯವಳು ಮೇಡಂ, ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು ಆಗಿ, ಅಂದ್ರೆ ಕೂಲಿಯವರ ಗುಂಪು ನೋಡ್ಕೊಳೋಳಾಗಿ ಕೆಲಸ ಮಾಡಿದೀನಿ. ಮೊಬೈಲಲ್ಲಿ ದಿನಕ್ಕೆ ಎರಡು ಸಲ ಎಲ್ಲರ ಫೋಟೊ ತೆಗೆದು ಹಾಕ್ಬೇಕಿತ್ತು. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಇಲ್ಲದೆ ಫೋಟೊ ಹೋಗ್ಲಿಲ್ಲ ಅಂದ್ರೆ ಆ ದಿನದ ಕೂಲಿಗೆ ತೊಂದ್ರೆ, ಜನ ನನ್ನ ಬೈತಿದ್ರು. ಇದಕ್ಕೂ ರಾಜಕೀಯಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಉತ್ತರ: ಇದೆ ತಾಯಿ, ಮೇಲಿನ ಪ್ರಶ್ನೆಗಿಂತ ಇದರಲ್ಲೇ ಜಾಸ್ತಿ ಇದೆ.

1994ರ ಕೊನೆಯಿಂದ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನ್ವಾಯಿ ಅಂತ ಶುರು ಮಾಡಿದ್ರು. ಕೂಲಿ ಹಾಜರಿ ಪಟ್ಟೀನ ಊರವರ ಮುಂದೆ ಗಟ್ಟಿಯಾಗಿ ಓದೋದು, ಯಾರ ಹೆಸರು ಬಂದ್ರೂ ಅವ್ರು ಎದ್ದು ನಿಂತು ನಂಗೆ ದುಡ್ಡು ಬಂತು, ಬರ್ಲಿಲ್ಲ ಅಂತ ಹೇಳೋದು. ಮಾಹಿತಿ ಹಕ್ಕಿನ ಹೋರಾಟಕ್ಕೆ ಅಲ್ಲಿಂದ ಬಲ ಬಂತು, 2005ರಲ್ಲಿ ಮಾಹಿತಿ ಹಕ್ಕು, ಉದ್ಯೋಗ ಖಾತ್ರಿ ಎರಡೂ ಕಾಯ್ದೆ ಆದವು. ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ನಲ್ಲಿ ಲೆಕ್ಕ ಕೇಳೋ ಅಧಿಕಾರ ಗ್ರಾಮಸಭೆಗೆ ಕೊಟ್ಟಿದ್ರು. ಅಂದ್ರೆ ಕೂಲಿಯವರು ಸರ್ಕಾರವನ್ನ ನೋಡ್ತಿದ್ರು. 2023ರ ಜನವರಿಯಿಂದ ಫೋಟೊ ಹಾಜರಿ ಕಡ್ಡಾಯ ಆದಾಗ ನೋಟದ ದಿಕ್ಕೇ ತಿರುಗಿಹೋಯ್ತು, ಕೂಲಿಯವರನ್ನ ದೂರದ ಸರ್ವರ್ ನೋಡೋಕೆ ಶುರು ಮಾಡ್ತು. ಮಣ್ಣು ಹೊತ್ತ ಇಪ್ಪತ್ತು ಜನ ಎದುರಿಗೇ ಇದ್ರೂ ಅವ್ರ ಮಾತು ಸಾಕ್ಷಿ ಅಲ್ಲ, ಫೋಟೊ ಹೋದ್ರೆ ಮಾತ್ರ ಸಾಕ್ಷಿ. ಕಳ್ಳಲೆಕ್ಕ ತಡೀಬೇಕು ನಿಜ, ಆದ್ರೆ ಬಿಸಿಲಲ್ಲಿ ದುಡಿದ ಹೆಂಗಸು ನಾನು ಕಳ್ಳಿ ಅಲ್ಲ ಅಂತ ದಿನಕ್ಕೆ ಎರಡು ಸಲ ಮಶೀನಿಗೆ ಒಪ್ಪಿಸ್ಬೇಕು ಅನ್ನೋ ತೀರ್ಮಾನ ಇದೆಯಲ್ಲ, ಅದೇ ರಾಜಕೀಯ. ತಪ್ಪು ನಿಮ್ಮದಲ್ಲ, ಬೈಗುಳ ಮಾತ್ರ ನಿಮಗೆ ಬಂತು, ಯಾಕಂದ್ರೆ ಜನರ ಕೈಗೆ ಸಿಗೋ ದೂರದಲ್ಲಿ ಇದ್ದಿದ್ದು ನೀವೊಬ್ರೇ.

ಮುಂದೆ ಯಾವ ಆ್ಯಪು ಬಂದ್ರೂ ಒಂದು ನೋಟ್‌ಬುಕ್ ಜೊತೆಗಿಟ್ಕೊಳ್ಳಿ. ತಾರೀಕು, ಬಂದವರ ಹೆಸರು, ಅವ್ರ ಸಹಿ ಅಥವಾ ಹೆಬ್ಬೆಟ್ಟು, ಫೋಟೊ ಹೋಗದಿದ್ರೆ ಎಷ್ಟು ಗಂಟೆಗೆ ಪ್ರಯತ್ನ ಮಾಡಿದ್ರಿ ಅನ್ನೋದು, ಇಷ್ಟು ಬರೆದ್ರೆ ಸಾಕು. ಪಿಡಿಒಗೆ ಬಾಯಲ್ಲಿ ಹೇಳ್ಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಗ್ರಾಮಸಭೆ ದಿನ ಆ ನೋಟ್‌ಬುಕ್ ತಗೊಂಡು ಹೋಗಿ, ಆ ಹೆಂಗಸರನ್ನೂ ಜೊತೇಲಿ ಕರ್ಕೊಂಡು ಹೋಗಿ, ಒಂದೊಂದೇ ಹೆಸರು ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ.