ಬಲವಂತಕ್ಕೆ ಮಾಡಿದ ಕೆಲಸ ಅಲ್ಲ

ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಆಶ್‌ವಿಟ್ಜ್ ಶಿಬಿರದಲ್ಲಿ ಹೆಣ ಸುಡುವ ಕುಲುಮೆ ಕಟ್ಟಿದ ಎಂಜಿನಿಯರ್‌ಗಳಿಗೆ ಅದು ಯಾತಕ್ಕೆ ಅಂತ ಗೊತ್ತಿತ್ತಾ, ಇಲ್ಲಾ ಜೀವಭಯಕ್ಕೆ ಮಾಡಿದರಾ ಅಂತ ಕೇಳಿದ್ದೀರಿ. ಗೊತ್ತಿತ್ತು. ಭಯದ ಮಾತು ನಂಬೋದು ಕಷ್ಟ.

ಆ ಕುಲುಮೆಗಳು ಜರ್ಮನಿಯ ಎರ್‌ಫರ್ಟ್ ಊರಿನ ಟೋಪ್ಫ್ ಕಂಪನಿಯವು. ಬಿಯರ್‌ಗೆ ಬೇಕಾದ ಮಾಲ್ಟ್ ಮಾಡುವ ಯಂತ್ರಗಳು, ಬಾಯ್ಲರ್ ಕುಲುಮೆಗಳು ಅವರ ಮುಖ್ಯ ವ್ಯಾಪಾರ. ಹೆಣ ಸುಡುವ ಕುಲುಮೆಯಿಂದ ಬರುತ್ತಿದ್ದ ದುಡ್ಡು ತೀರಾ ಕಡಿಮೆ. ಬಿಟ್ಟಿದ್ದರೆ ಕಂಪನಿ ಮುಳುಗುತ್ತಿರಲಿಲ್ಲ.

ಕುರ್ಟ್ ಪ್ರ್ಯೂಫರ್ ಕುಲುಮೆಗಳ ಎಂಜಿನಿಯರ್. ಆಶ್‌ವಿಟ್ಜ್‌ನದೇ ಭಾಗವಾದ ಬಿರ್ಕೆನಾವ್‌ನಲ್ಲಿ ಹೆಣ ಸುಡುವ 2 ಮತ್ತು 3ನೇ ಕಟ್ಟಡಗಳಲ್ಲಿ ಐದೈದು ಕುಲುಮೆ, ಒಂದೊಂದಕ್ಕೂ ಮೂರು ಬಾಯಿ. ಇಷ್ಟೊಂದು ಯಾವ ಊರಿನ ಸ್ಮಶಾನಕ್ಕೆ ಬೇಕು, ಹೇಳಿ? ಕಾರ್ಲ್ ಶುಲ್ಟ್ಸೆ ಆ ಕಟ್ಟಡಗಳಲ್ಲಿ ವಿಷಾನಿಲ ಬಿಟ್ಟು ಜನರನ್ನು ಕೊಲ್ಲುತ್ತಿದ್ದ ಕೋಣೆಗಳಿಂದ ಗಾಳಿ ಹೊರಹಾಕುವ ವ್ಯವಸ್ಥೆ ಮಾಡಿದವನು. 1943ರ ಮಾರ್ಚ್‌ನಲ್ಲಿ ತಾನೇ ಅಲ್ಲಿಗೆ ಹೋಗಿದ್ದ. ಅದೇ ತಿಂಗಳು ಕಂಪನಿ ಬರೆದ ಪತ್ರದಲ್ಲಿ ಉಳಿದ ವಿಷಾನಿಲವನ್ನು ಪತ್ತೆಹಚ್ಚುವ ಉಪಕರಣದ ಮಾತಿದೆ. ಸುಮ್ನೆ ಹೆಣ ಇಡುವ ಕೋಣೆಗೆ ಅದು ಬೇಡ ಅಲ್ವಾ? ಯುದ್ಧದ ನಂತರ ಸೋವಿಯತ್ ವಿಚಾರಣೆಯಲ್ಲಿ ಇಬ್ಬರೂ ಗೊತ್ತಿತ್ತೆಂದು ಒಪ್ಪಿಕೊಂಡರು.

ನನಗೆ ಜಾಸ್ತಿ ಕಾಡುವುದು ಫ್ರಿಟ್ಸ್ ಸಾಂಡರ್. ಮೇಲಿಂದ ಹೆಣ ಹಾಕುತ್ತಾ ಹೋದರೆ ನಿಲ್ಲದೆ ಉರಿಯುವ ಕುಲುಮೆಯೊಂದನ್ನು ಯೋಚಿಸಿ, 1942ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಅದು ಅವನದೇ ಉತ್ಸಾಹ. ಪ್ರ್ಯೂಫರ್ ಕೂಡ 1941ರಲ್ಲಿ ಕೆಲಸ ಬಿಡುತ್ತೇನೆ ಎಂದಿದ್ದ. ಕಾರಣ ಸಂಬಳ! ಜಾಸ್ತಿ ಮಾಡಿದರು, ಉಳಿದ.

ಸಾಂಡರ್ 1946ರಲ್ಲಿ, ಪ್ರ್ಯೂಫರ್ 1952ರಲ್ಲಿ ಸೋವಿಯತ್ ಸೆರೆಯಲ್ಲಿ ಸತ್ತರು. ಮಾಲೀಕರಲ್ಲಿ ಒಬ್ಬ, ಎರ್ನ್‌ಸ್ಟ್ ವೋಲ್ಫ್‌ಗಾಂಗ್ ಟೋಪ್ಫ್, ಪಶ್ಚಿಮ ಜರ್ಮನಿಗೆ ಹೋಗಿ ಮತ್ತೆ ಕುಲುಮೆ ಕಂಪನಿ ತೆರೆದ.