ಮನೆಯಲ್ಲಿ ಲಾಗರ್: ಫ್ರಿಜ್ 10 ಡಿಗ್ರಿ ತೋರಿಸಿದರೂ ಬೆಣ್ಣೆ ವಾಸನೆ ಯಾಕೆ?

ನ್ಯೂಜೆರ್ಸಿಯಲ್ಲಿರುವ ನೀವು ಹಳೇ ಫ್ರಿಜ್‌ಗೆ ಉಷ್ಣತೆ ನಿಯಂತ್ರಿಸುವ ಕಂಟ್ರೋಲರ್ ಜೋಡಿಸಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಿದ್ದೀರಿ. ಆದರೂ 20 ಲೀಟರ್ ಪಿಲ್ಸ್‌ನರ್ (ಲಾಗರ್, ಅಂದರೆ ತಣ್ಣಗೆ ಹುದುಗಿಸುವ ಬಿಯರ್‌ನ ಒಂದು ಬಗೆ) ಬೆಣ್ಣೆ ಬೆಣ್ಣೆ ವಾಸನೆ ಹೊಡೆಯುತ್ತಿದೆ. ಸೆನ್ಸರ್ ವೈರನ್ನು ಒಳಗೆ ಹಾಗೇ ನೇತುಬಿಟ್ಟಿದ್ದೇನೆ ಎಂದಿದ್ದೀರಲ್ಲ, ಮೊದಲು ಸರಿಮಾಡಬೇಕಾದ್ದು ಅದನ್ನೇ.

ಯೀಸ್ಟ್ ಸಕ್ಕರೆ ತಿನ್ನುವಾಗ ಶಾಖ ಹುಟ್ಟುತ್ತದೆ. ನೊರೆ ಉಕ್ಕುವ ದಿನಗಳಲ್ಲಿ ಗಾಳಿ 10 ಡಿಗ್ರಿ ಇದ್ದರೂ ಬಿಯರ್ 13, 14ಕ್ಕೆ ಹತ್ತಿರುತ್ತದೆ. ನೇತಾಡುವ ಸೆನ್ಸರ್‌ಗೆ ಅದು ಗೊತ್ತೇ ಆಗುವುದಿಲ್ಲ. ಸೆನ್ಸರನ್ನು ಪಾತ್ರೆಯ ಹೊರಮೈಗೆ, ಬಿಯರ್ ಮಟ್ಟದ ಅರ್ಧ ಎತ್ತರದಲ್ಲಿ ಒತ್ತಿ ಟೇಪ್ ಹಾಕಿ. ಅದರ ಮೇಲೆ ಅಂಗೈಯಗಲದ ದಪ್ಪ ಫೋಮ್ ತುಂಡು ಇಟ್ಟು ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ. ಒಂದು ಅಂಚು ಎದ್ದಿದ್ದರೂ ತಣ್ಣನೆ ಗಾಳಿ ನುಗ್ಗಿ ರೀಡಿಂಗ್ ಸುಳ್ಳಾಗುತ್ತದೆ.

ಕಂಟ್ರೋಲರ್‌ನಲ್ಲಿ ವ್ಯತ್ಯಾಸ (ಇಟ್ಟ ಉಷ್ಣತೆಯಿಂದ ಎಷ್ಟು ಸರಿದರೆ ಅದು ಫ್ರಿಜ್ ಆನ್ ಮಾಡಬೇಕು ಎಂಬುದು) 0.5 ಡಿಗ್ರಿ ಸಾಕು. ಕಂಪ್ರೆಸರ್ ವಿಳಂಬ 5 ನಿಮಿಷ ಇಡಿ, ಇಲ್ಲದಿದ್ದರೆ ಅದು ಪದೇ ಪದೇ ಆನ್-ಆಫ್ ಆಗಿ ಬೇಗ ಕೆಡುತ್ತದೆ. ಬಿಸಿ ಮಾಡಲು ಹೀಟ್ ಬೆಲ್ಟ್ ಇದ್ದರೆ ಅದರ ವ್ಯತ್ಯಾಸ 1 ಡಿಗ್ರಿ ಇರಲಿ. ಎರಡನ್ನೂ ತೀರಾ ಹತ್ತಿರ ಇಟ್ಟರೆ ಫ್ರಿಜ್ ತಂಪು ಮಾಡಿದ್ದನ್ನು ಬೆಲ್ಟ್ ಕಾಯಿಸುತ್ತಾ ಕೂರುತ್ತದೆ.

ಎರಡನೆಯದು, ಯೀಸ್ಟ್ ಹಾಕುವ ಹೊತ್ತಿನ ಉಷ್ಣತೆ. ಬೇಸಿಗೆಯ ನಲ್ಲಿ ನೀರಿನಿಂದ ತಣಿಸಿದರೆ ವರ್ಟ್ (ಯೀಸ್ಟ್ ಹಾಕುವ ಮುಂಚಿನ, ಕುದಿಸಿದ ಸಿಹಿ ಮಾಲ್ಟ್ ದ್ರವ) 25ಕ್ಕಿಂತ ಕೆಳಗೆ ಇಳಿಯುವುದೇ ಕಷ್ಟ. ಆಗ ಯೀಸ್ಟ್ ಹಾಕಿ ಆಮೇಲೆ ತಣಿಸೋಣ ಎಂದುಕೊಳ್ಳಬೇಡಿ. ಬೆಚ್ಚಗಿರುವಾಗ ಯೀಸ್ಟ್ ಭರದಿಂದ ಬೆಳೆಯುತ್ತದೆ, ಆ ಬೆಳವಣಿಗೆಯಲ್ಲೇ ಆಲ್ಫಾ ಅಸಿಟೋಲ್ಯಾಕ್ಟೇಟ್ ಹೆಚ್ಚಾಗಿ ಹೊರಬೀಳುತ್ತದೆ. ಬೆಣ್ಣೆ ವಾಸನೆಯ ಡಯಾಸಿಟೈಲ್ ಆಗುವುದು ಅದರಿಂದಲೇ. ಮುಚ್ಚಳ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, 9 ಡಿಗ್ರಿಗೆ ಬಂದ ಮೇಲೆ ಯೀಸ್ಟ್ ಹಾಕಿ, ಆಮೇಲೆ 10ಕ್ಕೆ ಏರಲು ಬಿಡಿ. ಆರಂಭದ ಸಾಂದ್ರತೆ (ನೀರಿನದು 1.000 ಎಂದಿಟ್ಟುಕೊಂಡು ಅಳೆದದ್ದು) 1.050 ಇರುವ 20 ಲೀಟರ್‌ಗೆ ಡಬ್ಲ್ಯೂ-34/70 ಎಂಬ ಒಣ ಲಾಗರ್ ಯೀಸ್ಟ್ 11.5 ಗ್ರಾಂನ ಎರಡು ಪ್ಯಾಕೆಟ್ ಬೇಕು. ಒಂದರಲ್ಲೇ ಮುಗಿಸಿದರೆ ತಣ್ಣಗಿನ ವರ್ಟ್‌ನಲ್ಲಿ ಅದು ತಡವರಿಸುತ್ತದೆ. ನಡುವೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ಲಾಗರ್ ಯೀಸ್ಟ್ ಗಂಧಕದ ವಾಸನೆ ಬಿಡುವುದು ಸಹಜ, ಅದು ಹೋಗುತ್ತದೆ.

ಸಾಂದ್ರತೆ 1.020ಕ್ಕೆ ಇಳಿದಾಗ, ಅಂದರೆ 1.010ಕ್ಕೆ ನಿಲ್ಲುವ ಬಿಯರ್‌ನಲ್ಲಿ ಮುಕ್ಕಾಲು ಪಾಲು ಹುದುಗು ಮುಗಿದಾಗ, ಸೆಟ್ಟಿಂಗ್ 17ಕ್ಕೆ ಏರಿಸಿ. ಇಷ್ಟು ಹೊತ್ತು ತಣ್ಣಗಿಟ್ಟು ಈಗ ಬೆಚ್ಚಗೆ ಯಾಕೆ ಎನ್ನಿಸಬಹುದು. ಆ ಅಸಿಟೋಲ್ಯಾಕ್ಟೇಟ್ ಡಯಾಸಿಟೈಲ್ ಆಗಿ ಬದಲಾಗುವುದು ತಣ್ಣಗಿದ್ದರೆ ಬಹಳ ನಿಧಾನ. ಬದಲಾದ ಮೇಲಷ್ಟೇ ಯೀಸ್ಟ್ ಅದನ್ನು ಹೀರಿಕೊಂಡು ವಾಸನೆ ಅಡಗಿಸಲು ಸಾಧ್ಯ. ಯೀಸ್ಟ್ ಇನ್ನೂ ಚುರುಕಾಗಿರುವಾಗಲೇ ಈ ಕೆಲಸ ಆಗಬೇಕು, ಪೂರ್ತಿ ನಿಂತಮೇಲೆ ಏರಿಸಿದರೆ ಫಲ ಕಡಿಮೆ. ಮೂರು ದಿನವಾದರೂ ಬಿಡಿ.

ಮುಗಿಯಿತೋ ಇಲ್ಲವೋ ನೋಡಲು ದಿನ ಎಣಿಸುವುದಕ್ಕಿಂತ ಮೂಗನ್ನೇ ನಂಬುತ್ತೇನೆ. ಎರಡು ಗ್ಲಾಸ್‌ಗೆ ಸ್ವಲ್ಪ ಸ್ವಲ್ಪ ಬಿಯರ್ ತೆಗೆಯಿರಿ. ಒಂದನ್ನು ಮುಚ್ಚಿ 60 ಡಿಗ್ರಿ ನೀರಿನಲ್ಲಿ 20-30 ನಿಮಿಷ ಇಟ್ಟು, ಆರಿಸಿ, ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ವಾಸನೆ ಇದ್ದರೆ ಆ ಅಸಿಟೋಲ್ಯಾಕ್ಟೇಟ್ ಇನ್ನೂ ಉಳಿದಿದೆ, ಮತ್ತೆರಡು ದಿನ ಕಾಯಿರಿ. ಎರಡರಲ್ಲೂ ಇಲ್ಲದಿದ್ದರೆ ತಣಿಸಬಹುದು.

ದಿನಕ್ಕೆ 2 ಡಿಗ್ರಿಯಂತೆ 1 ಡಿಗ್ರಿವರೆಗೆ ಇಳಿಸಿ, ಮೂರ್ನಾಲ್ಕು ವಾರ ಅಲ್ಲೇ ಇಡಿ. ತಣಿಯುವಾಗ ಪಾತ್ರೆಯೊಳಗಿನ ಅನಿಲ ಕುಗ್ಗಿ ಏರ್‌ಲಾಕ್‌ನ (ಅನಿಲ ಹೊರಹೋಗಲು ಮುಚ್ಚಳಕ್ಕೆ ಸಿಕ್ಕಿಸಿದ ನೀರು ತುಂಬಿದ ಕೊಳವೆಯ) ನೀರನ್ನೂ ಹೊರಗಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ಇಳಿಸಲು ಶುರುಮಾಡುವ ಮುಂಚೆ ಏರ್‌ಲಾಕ್ ತೆಗೆದು, ಕಾರ್ಬನ್ ಡೈಆಕ್ಸೈಡ್ ತುಂಬಿದ ಬಲೂನನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿಬಿಡಿ.